ಆರು ಸೆಂಟಿಮೀಟರ್ ವ್ಯತ್ಯಾಸದ ಬೆನ್ನುಹತ್ತಿ: ಭೂಮಿಯ ದ್ರವಗರ್ಭ ಮತ್ತು ಒಂದು ಓಲಾಟದ ಪ್ರಕರಣ

ಪ್ರಕರಣ ಮೇಲ್ನೋಟಕ್ಕೆ ಬಹಳ ಸಣ್ಣದು. ಭೂಮಿಯ ಅಕ್ಷ ಆಕಾಶದಲ್ಲಿ ಹೇಗೆ ಓಲಾಡುತ್ತದೆ ಎಂಬುದಕ್ಕೆ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ 1980ರಲ್ಲಿ ಒಂದು ಕೋಷ್ಟಕವನ್ನು ಒಪ್ಪಿಕೊಂಡಿತ್ತು. 106 ಸಾಲುಗಳ ಕೋಷ್ಟಕ. ಒಂದೊಂದು ಸಾಲೂ ಒಂದೊಂದು ಅವಧಿಯ ಓಲಾಟ. ಅಮೆರಿಕ ಮತ್ತು ಯುರೋಪಿನ ರೇಡಿಯೊ ದೂರದರ್ಶಕಗಳು ಸೇರಿ ಅಕ್ಷವನ್ನು ಅಳೆಯತೊಡಗಿದ ಕೆಲವೇ ವರ್ಷಗಳಲ್ಲಿ ಒಂದು ಸಾಲು ತಾಳೆಯಾಗುತ್ತಿಲ್ಲ ಎಂದು ಗೊತ್ತಾಯಿತು. ಅದು ವರ್ಷಕ್ಕೊಮ್ಮೆ ಸುತ್ತುವ ಓಲಾಟ. ಸುತ್ತುವುದು ಮಾತ್ರ ಭೂಮಿ ತಿರುಗುವ ದಿಕ್ಕಿಗೆ ಎದುರಾಗಿ. ಲೆಕ್ಕಕ್ಕೂ ಅಳತೆಗೂ ನಡುವಿನ ವ್ಯತ್ಯಾಸ ಸುಮಾರು 2 ಮಿಲಿ ಆರ್ಕ್ ಸೆಕೆಂಡ್ ಎಂಬ ಅತಿ ಸಣ್ಣ ಕೋನ. ನೆಲದ ಅಳತೆಯಲ್ಲಿ ಹೇಳುವುದಾದರೆ ಧ್ರುವದ ಬಳಿ ಆರು ಸೆಂಟಿಮೀಟರ್.

ಆರು ಸೆಂಟಿಮೀಟರಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಅದರ ಬೆನ್ನುಹತ್ತಿ ಹೋದವರು, ನಮ್ಮ ಕಾಲಡಿ 2,900 ಕಿಲೋಮೀಟರ್ ಆಳದಲ್ಲಿರುವ ದ್ರವ ಕಬ್ಬಿಣದ ಗೋಳ ಲೆಕ್ಕಕ್ಕಿಂತ ಸುಮಾರು ಅರ್ಧ ಕಿಲೋಮೀಟರಿನಷ್ಟು ಹೆಚ್ಚು ಚಪ್ಪಟೆಯಾಗಿದೆ ಎಂಬ ಉತ್ತರ ತಂದರು. ಯಾವ ಕೊಳವೆಬಾವಿಯೂ ಅದರ ಇನ್ನೂರನೇ ಒಂದು ಪಾಲಿನಷ್ಟು ಆಳಕ್ಕೂ ಇಳಿದಿಲ್ಲ ಎಂಬುದನ್ನು ನೆನೆದರೆ ಆ ಉತ್ತರದ ಬೆಲೆ ತಿಳಿಯುತ್ತದೆ.

ಯಾವ ಓಲಾಟದ ಮಾತು ಇದು

ಭೂಮಿಯ ಅಕ್ಷಕ್ಕೆ ಹಲವು ಬಗೆಯ ಚಲನೆಗಳಿವೆ. ಜನಪ್ರಿಯ ಬರಹಗಳಲ್ಲಿ ಇವೆಲ್ಲ ಕಲಸುಮೇಲೋಗರವಾಗುವುದೇ ಹೆಚ್ಚು, ಹಾಗಾಗಿ ಮೊದಲು ಬೇರೆ ಬೇರೆ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡದು ಅಯನ ಚಲನೆ, ಅಂದರೆ ಅಕ್ಷ ಬುಗುರಿಯಂತೆ ನಿಧಾನವಾಗಿ ಸುತ್ತುವುದು. ಒಂದು ಸುತ್ತಿಗೆ ಸುಮಾರು 25,800 ವರ್ಷ. ಪಂಚಾಂಗ ನೋಡುವವರಿಗೆ ಅಯನಾಂಶ ಎಂಬ ಮಾತು ಹೊಸದಲ್ಲ. ಸೂರ್ಯ ಉತ್ತರಕ್ಕೆ ಮುಖ ಮಾಡುವುದು ಡಿಸೆಂಬರ್ 21-22ಕ್ಕೆ. ನಾವು ಎಳ್ಳುಬೆಲ್ಲ ಬೀರುವುದು ಜನವರಿ 14-15ಕ್ಕೆ. ಆ ಮೂರು ವಾರದ ಅಂತರ ಬಂದದ್ದು ಅಯನ ಚಲನೆಯಿಂದಲೇ. ಈ ನಿಧಾನದ ಸುತ್ತಿನ ಮೇಲೆ ಸವಾರಿ ಮಾಡುವ ಚಿಕ್ಕ ಚಿಕ್ಕ ತೂಗಾಟಗಳಿಗೆ ನ್ಯುಟೇಶನ್ ಎಂದು ಹೆಸರು. ಉಬ್ಬಿದ ನಡುವಿನ ಭೂಮಿಯನ್ನು ಸೂರ್ಯಚಂದ್ರರು ಎಳೆಯುವ ಬಲ ದಿನದಿನಕ್ಕೆ ಬದಲಾಗುವುದರಿಂದ ಇವು ಹುಟ್ಟುತ್ತವೆ. ದೊಡ್ಡ ನ್ಯುಟೇಶನ್ 18.6 ವರ್ಷದ್ದು, ಅಂದರೆ ರಾಹುಕೇತುಗಳು ರಾಶಿಚಕ್ರವನ್ನು ಒಂದು ಸಲ ಸುತ್ತಿ ಬರುವಷ್ಟು ಕಾಲ. ಅದನ್ನು ಇಂಗ್ಲೆಂಡಿನ ಜೇಮ್ಸ್ ಬ್ರಾಡ್ಲಿ ನಕ್ಷತ್ರಗಳನ್ನು ಎರಡು ದಶಕ ನೋಡಿ 1748ರಲ್ಲಿ ಪ್ರಕಟಿಸಿದ. ಅದರಿಂದ ಅಕ್ಷದ ಓರೆ ಸುಮಾರು 9 ಆರ್ಕ್ ಸೆಕೆಂಡ್ ಅತ್ತಿತ್ತ ಆಗುತ್ತದೆ. ಉಳಿದವು ಒಂದು ವರ್ಷ, ಅರ್ಧ ವರ್ಷ, ಹದಿನೈದು ದಿನ ಹೀಗೆ ಇಳಿಯುತ್ತಾ ಹೋಗುತ್ತವೆ.

ಮೂರನೆಯದು ಚಾಂಡ್ಲರ್ ಓಲಾಟ. ಅಯನ ಚಲನೆ, ನ್ಯುಟೇಶನ್ ಎರಡೂ ನಕ್ಷತ್ರಗಳ ಎದುರು ಅಕ್ಷ ಸರಿಯುವುದು. ಚಾಂಡ್ಲರ್ ಓಲಾಟದಲ್ಲಾದರೆ ಧ್ರುವ ಎಂಬ ಬಿಂದು ನೆಲದ ಮೇಲೆಯೇ ಕೆಲವು ಮೀಟರ್ ಅಗಲದ ಸುತ್ತು ಹಾಕುತ್ತದೆ. ಭೂಮಿ ಪೂರ್ತಿ ಗಟ್ಟಿಯಾಗಿದ್ದರೆ ಈ ಸುತ್ತಿಗೆ 305 ದಿನ ಬೇಕು ಎಂಬುದು ಗಣಿತಜ್ಞ ಆಯ್ಲರ್‌ನ ಸೂತ್ರದ ಲೆಕ್ಕ. ಸೇತ್ ಚಾಂಡ್ಲರ್ 1891ರಲ್ಲಿ ಕಂಡದ್ದು ಹದಿನಾಲ್ಕು ತಿಂಗಳು. ಈಗಿನ ಅಳತೆ ಸುಮಾರು 433 ದಿನ. ಇಲ್ಲೂ ದ್ರವ ಕೇಂದ್ರಗೋಳದ ಕೈವಾಡವಿದೆ. ಅದು ಹೊರಚಿಪ್ಪಿನ ಜೊತೆ ಪೂರ್ತಿ ಅಲುಗದ ಕಾರಣ ಅವಧಿಯನ್ನು ಕಡಿಮೆ ಮಾಡುತ್ತದೆ. ಮ್ಯಾಂಟಲ್ (ಕೇಂದ್ರಗೋಳದ ಸುತ್ತಲಿನ ದಪ್ಪ ಕಲ್ಲಿನ ಪದರ) ಬಾಗುವುದೂ ಸಮುದ್ರದ ನೀರು ಹರಿದಾಡುವುದೂ ಸೇರಿ ಅದನ್ನು ಅದಕ್ಕಿಂತ ಹೆಚ್ಚು ಉದ್ದ ಮಾಡುತ್ತವೆ. ನಮ್ಮ ಪ್ರಕರಣದಲ್ಲಿ ಮುಂದೆ 430 ದಿನ ಎಂಬ ಸಂಖ್ಯೆ ಬರುತ್ತದೆ. ಅದಕ್ಕೂ ಈ 433ಕ್ಕೂ ಯಾವ ಸಂಬಂಧವೂ ಇಲ್ಲ, ಬರೀ ಕಾಕತಾಳೀಯ. ಎರಡನ್ನೂ ಒಂದೇ ಎಂದುಕೊಂಡು ಎಡವಿದವರು ಬೇಕಾದಷ್ಟು ಜನ ಇದ್ದಾರೆ.

ಒಳಗೆ ದ್ರವ ಇದ್ದರೆ ಏನಾಗುತ್ತದೆ

ತೆಂಗಿನಕಾಯಿ ಕೊಳ್ಳುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗೆ ನೀರಿದೆಯೇ, ಎಷ್ಟಿದೆ ಎಂಬುದು ಒಡೆಯದೆಯೇ ಗೊತ್ತಾಗುತ್ತದೆ. ಸೂರ್ಯಚಂದ್ರರು ಭೂಮಿಯನ್ನು ಬೇರೆ ಬೇರೆ ವೇಗದಲ್ಲಿ ಅಲ್ಲಾಡಿಸುತ್ತಲೇ ಇದ್ದಾರೆ. ಕಿವಿಗೊಟ್ಟು ಕೇಳುವುದಷ್ಟೇ ನಮ್ಮ ಕೆಲಸ.

ಈ ಯೋಚನೆ ಹೊಸದಲ್ಲ. ಕೇಂಬ್ರಿಜ್‌ನ ವಿಲಿಯಂ ಹಾಪ್ಕಿನ್ಸ್ 1839-42ರಲ್ಲೇ ಅಯನ ಚಲನೆ ಮತ್ತು ನ್ಯುಟೇಶನ್ ಲೆಕ್ಕ ಹಾಕಿ, ಭೂಮಿಯ ಗಟ್ಟಿ ಕವಚ ಕಡಿಮೆಯೆಂದರೂ 800ರಿಂದ 1,000 ಮೈಲಿ ದಪ್ಪ ಇರಬೇಕು ಎಂದ. ಒಳಗೆಲ್ಲ ಕರಗಿದ ಕಲ್ಲು, ಮೇಲೆ ತೆಳುವಾದ ಸಿಪ್ಪೆ ಎಂದು ನಂಬಿದ್ದ ಆ ಕಾಲದ ಭೂವಿಜ್ಞಾನಿಗಳಿಗೆ ಅದು ಹಿಡಿಸಲಿಲ್ಲ. ಲೆಕ್ಕವೂ ಪೂರ್ತಿ ಸರಿಯಿರಲಿಲ್ಲ, ಆದರೆ ಕೇಳಿದ ಪ್ರಶ್ನೆ ಸರಿಯಾಗಿತ್ತು. 1895ರಲ್ಲಿ ಇಂಗ್ಲೆಂಡಿನ ಹಫ್, ಅದೇ ವರ್ಷ ರಷ್ಯದ ಸ್ಲುಡ್‌ಸ್ಕಿ, 1910ರಲ್ಲಿ ಫ್ರಾನ್ಸಿನ ಪ್ವಾಂಕರೆ ದ್ರವ ತುಂಬಿದ, ತಿರುಗುವ ಚಿಪ್ಪಿನ ಗಣಿತವನ್ನು ಬರೆದಿಟ್ಟರು. ತಮಾಷೆಯೆಂದರೆ, ಭೂಮಿಯೊಳಗೆ ದ್ರವದ ಕೇಂದ್ರಗೋಳ ಇದೆ ಎಂಬುದೇ ಆಗ ಸಿದ್ಧವಾಗಿರಲಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪದ ದಾಖಲೆಗಳಲ್ಲಿ ಅಲೆಗಳ ಬಗೆಗಳನ್ನು ಬೇರೆ ಮಾಡಿ ಗುರುತಿಸಿದವರು. ಅವರು ಕೇಂದ್ರಗೋಳದ ಸುಳಿವು ಕೊಟ್ಟದ್ದು 1906ರಲ್ಲಿ. ಅದು ದ್ರವ ಎಂದು ಹೆರಾಲ್ಡ್ ಜೆಫ್ರೀಸ್ ವಾದಿಸಿದ್ದು 1926ರಲ್ಲಿ. ಗಣಿತ ಮೊದಲೇ ಬಂದು ಕಾದಿತ್ತು.

ಆ ಗಣಿತದ ತಿರುಳು ಹೀಗಿದೆ. ಕೇಂದ್ರಗೋಳದ ದ್ರವ ನೀರಿನಷ್ಟೇ ತೆಳುವು ಎನ್ನಬಹುದು. ಬರೀ ಉಜ್ಜಾಟದಿಂದ ಮ್ಯಾಂಟಲ್ ಅದನ್ನು ತನ್ನ ಜೊತೆ ಎಳೆದುಕೊಂಡು ಹೋಗಲಾರದು. ಎರಡರ ನಡುವಿನ ಗೋಡೆ ನಿಖರವಾದ ಗೋಳವಾಗಿದ್ದರೆ ಮ್ಯಾಂಟಲ್ ಓಲಿದರೂ ದ್ರವ ತನ್ನ ಪಾಡಿಗೆ ಹಳೆಯ ಅಕ್ಷದ ಸುತ್ತಲೇ ತಿರುಗುತ್ತಿರುತ್ತಿತ್ತು. ಆದರೆ ಗೋಡೆಯೂ ಭೂಮಿಯಂತೆಯೇ ಧ್ರುವಗಳಲ್ಲಿ ಚಪ್ಪಟೆ. ಅದರ ಸಮಭಾಜಕದ ತ್ರಿಜ್ಯ ಧ್ರುವದ ತ್ರಿಜ್ಯಕ್ಕಿಂತ ಒಂಬತ್ತು ಕಿಲೋಮೀಟರಿನಷ್ಟು ಹೆಚ್ಚು. ಮ್ಯಾಂಟಲ್ ಓರೆಯಾದಾಗ ಆ ಇಳಿಜಾರು ಗೋಡೆ ದ್ರವವನ್ನು ಒತ್ತುತ್ತದೆ, ದ್ರವ ತಿರುಗಿ ಒತ್ತುತ್ತದೆ. ಈ ಒತ್ತಡವೇ ಇಬ್ಬರನ್ನೂ ಬೆಸೆಯುವ ಕೊಂಡಿ.

ಓಲಾಟ ನಿಧಾನವಾಗಿದ್ದರೆ ಕೊಂಡಿಗೆ ಬೇಕಾದಷ್ಟು ಸಮಯ ಸಿಗುತ್ತದೆ, ಕೇಂದ್ರಗೋಳ ಮ್ಯಾಂಟಲಿನ ಜೊತೆಗೇ ಹೋಗುತ್ತದೆ. ಹಾಗಾಗಿ 25,800 ವರ್ಷದ ಅಯನ ಚಲನೆಯನ್ನು ನೋಡಿ ಒಳಗೆ ಗಟ್ಟಿಯೋ ದ್ರವವೋ ಹೇಳುವುದು ಅಸಾಧ್ಯ. 18.6 ವರ್ಷದ ಓಲಾಟದಲ್ಲೂ ಗಟ್ಟಿ ಭೂಮಿಗೂ ನಿಜ ಭೂಮಿಗೂ ವ್ಯತ್ಯಾಸ ಶೇ 1ಕ್ಕಿಂತ ಕಡಿಮೆ. ಅವಧಿ ಚಿಕ್ಕದಾದಂತೆ ಕೇಂದ್ರಗೋಳ ಹಿಂದೆ ಬೀಳತೊಡಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ದ್ರವ ಕೇಂದ್ರಗೋಳದ ಅಕ್ಷ ಒಮ್ಮೆ ಮ್ಯಾಂಟಲಿನ ಅಕ್ಷದಿಂದ ಸ್ವಲ್ಪ ಸರಿದರೆ ಅದು ಸುಮ್ಮನೆ ನಿಲ್ಲುವುದಿಲ್ಲ. ಗೋಡೆಯ ಒತ್ತಡದಿಂದಾಗಿ ಎರಡೂ ಅಕ್ಷಗಳು ಒಂದನ್ನೊಂದು ಸುತ್ತತೊಡಗುತ್ತವೆ, ಹಿಮ್ಮುಖವಾಗಿ, ತಮ್ಮದೇ ಒಂದು ಅವಧಿಯಲ್ಲಿ. ಇದಕ್ಕೆ ಕೇಂದ್ರಗೋಳದ ಸ್ವತಂತ್ರ ನ್ಯುಟೇಶನ್ ಎನ್ನುತ್ತಾರೆ. ಅವಧಿಯನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಗೋಡೆಯ ಚಪ್ಪಟೆತನ. ಗೋಡೆ ದುಂಡಗಾದಷ್ಟೂ ಅವಧಿ ಉದ್ದ, ಚಪ್ಪಟೆಯಾದಷ್ಟೂ ಚಿಕ್ಕದು. ಮ್ಯಾಂಟಲ್ ಮೆದುವಾಗಿದ್ದರೆ ಅವಧಿ ಇನ್ನಷ್ಟು ಉದ್ದವಾಗುತ್ತದೆ, ಒತ್ತಿದ ಕಡೆ ಗೋಡೆಯೇ ಬಗ್ಗಿ ಜಾಗ ಬಿಡುವುದರಿಂದ.

ಕೋಷ್ಟಕದ ಲೆಕ್ಕ

1980ರ ಕೋಷ್ಟಕದ ಹಿಂದಿದ್ದುದು ಅಮೆರಿಕದ ಜಾನ್ ವಾರ್ ಮಾಡಿದ ಲೆಕ್ಕ. ಭೂಕಂಪನ ಅಲೆಗಳಿಂದ ತಿಳಿದ ಸಾಂದ್ರತೆ, ಬಿಗಿತ ಎಲ್ಲವನ್ನೂ ಹಾಕಿ, ಬಾಗುವ ಮ್ಯಾಂಟಲ್, ದ್ರವ ಹೊರ ಕೇಂದ್ರಗೋಳ, ಗಟ್ಟಿ ಒಳ ಕೇಂದ್ರಗೋಳ ಇರುವ ಭೂಮಿ ಹೇಗೆ ಓಲಬೇಕು ಎಂದು ಅವರು ಕಂಡುಹಿಡಿದಿದ್ದರು. ಬಹಳ ಅಚ್ಚುಕಟ್ಟಾದ ಕೆಲಸ. ಅದರಲ್ಲಿ ಸ್ವತಂತ್ರ ನ್ಯುಟೇಶನ್ನಿನ ಅವಧಿ ಸುಮಾರು 460 ದಿನ ಬಂದಿತ್ತು.

ಆ 460ರ ಬುಡದಲ್ಲಿ ಒಂದು ಊಹೆ ಇತ್ತು. ಭೂಮಿಯೊಳಗಿನ ಪ್ರತಿಯೊಂದು ಪದರವೂ ತಿರುಗುವ ದ್ರವ ತಾನಾಗಿ ಯಾವ ಆಕಾರಕ್ಕೆ ಬರುತ್ತದೋ ಅದೇ ಆಕಾರದಲ್ಲಿದೆ ಎಂಬ ಊಹೆ. ಹದಿನೆಂಟನೇ ಶತಮಾನದಿಂದ ಬಂದ, ಫ್ರಾನ್ಸಿನ ಗಣಿತಜ್ಞ ಕ್ಲೆರೋನ ದಾರಿ ಇದು. ನೆಲದ ಮೇಲೆ ಈ ಊಹೆ ಪೂರ್ತಿ ನಿಜವಲ್ಲ ಎಂಬುದು ಉಪಗ್ರಹಗಳು ಬಂದ ಮೇಲೆ ಗೊತ್ತಾಗಿತ್ತು. ಭೂಮಿಯ ನಡು ಲೆಕ್ಕಕ್ಕಿಂತ ನೂರು ಮೀಟರಿನಷ್ಟು ಹೆಚ್ಚು ಉಬ್ಬಿದೆ. ಮೇಲ್ಮೈಯಲ್ಲೇ ಸಡಿಲವಾಗಿದ್ದ ಊಹೆಯನ್ನು 2,900 ಕಿಲೋಮೀಟರ್ ಆಳದಲ್ಲಿ ನಂಬಿದ್ದೇಕೆ ಎಂದು ಈಗ ಕೇಳುವುದು ಸುಲಭ. ಆಗ ಬೇರೆ ಸಂಖ್ಯೆ ಯಾರ ಕೈಯಲ್ಲೂ ಇರಲಿಲ್ಲ.

ಇನ್ನು ಹಿಮ್ಮುಖ ವಾರ್ಷಿಕ ಓಲಾಟಕ್ಕೆ ಬರೋಣ. ಭೂಮಿಯ ಕಕ್ಷೆ ನಿಖರ ವೃತ್ತವಲ್ಲದ ಕಾರಣ ಸೂರ್ಯನ ಎಳೆತ ವರ್ಷದಲ್ಲಿ ಒಮ್ಮೆ ಏರಿ ಇಳಿಯುತ್ತದೆ, ಅದರಿಂದ ಈ ಓಲಾಟ. ಅವಧಿ 365 ದಿನ, ದಿಕ್ಕು ಹಿಮ್ಮುಖ. ಕೇಂದ್ರಗೋಳದ ಸ್ವಂತ ಓಲಾಟವೂ ಹಿಮ್ಮುಖ, ಅವಧಿಯೂ ಹತ್ತಿರದ್ದೇ. ಹೀಗಾದಾಗ ಅನುರಣನ, ಅಂದರೆ ಲಯಕ್ಕೆ ಲಯ ಸೇರಿ ಓಲಾಟ ಜೋರಾಗುವುದು, ತಪ್ಪಿದ್ದಲ್ಲ. ಭೂಮಿ ಪೂರ್ತಿ ಗಟ್ಟಿಯಾಗಿದ್ದರೆ ಈ ಓಲಾಟ ಸುಮಾರು 25 ಮಿಲಿ ಆರ್ಕ್ ಸೆಕೆಂಡ್ ಇರಬೇಕಿತ್ತು. ವಾರ್ ಲೆಕ್ಕದಂತೆ ದ್ರವಗರ್ಭ ಅದನ್ನು 31ರ ಹತ್ತಿರಕ್ಕೆ ಏರಿಸುತ್ತದೆ. ಅಳತೆಯಲ್ಲಿ ಕಂಡದ್ದು ಸುಮಾರು 33.

ಅಳೆದದ್ದು ಹೇಗೆ

ಒಂದು ಮಿಲಿ ಆರ್ಕ್ ಸೆಕೆಂಡ್ ಎಂದರೆ ಒಂದು ಡಿಗ್ರಿಯ 36 ಲಕ್ಷದಲ್ಲಿ ಒಂದು ಭಾಗ. ಕನ್ನಡಿ ದೂರದರ್ಶಕದಲ್ಲಿ ನಕ್ಷತ್ರ ನೋಡಿ ಇದನ್ನು ಹಿಡಿಯುವುದು ಆಗದ ಮಾತು. ವಿಎಲ್‌ಬಿಐ ವಿಧಾನ, ಅಂದರೆ ದೂರದೂರದ ರೇಡಿಯೊ ದೂರದರ್ಶಕಗಳನ್ನು ಒಂದೇ ಉಪಕರಣದಂತೆ ಬಳಸುವ ಉಪಾಯ, ಬಂದ ಮೇಲೆ ಚಿತ್ರ ಬದಲಾಯಿತು. ನೂರಾರು ಕೋಟಿ ಜ್ಯೋತಿರ್ವರ್ಷ ದೂರದ ಕ್ವೇಸಾರ್ (ರೇಡಿಯೊ ಅಲೆ ಸೂಸುವ, ಅತಿ ಪ್ರಕಾಶದ ಗೆಲಾಕ್ಸಿ ಕೇಂದ್ರ) ಒಂದರ ಕಡೆಗೆ ಮ್ಯಾಸಚೂಸೆಟ್ಸ್‌ನ ವೆಸ್ಟ್‌ಫರ್ಡ್, ಟೆಕ್ಸಸ್‌ನ ಫೋರ್ಟ್ ಡೇವಿಸ್, ಸ್ವೀಡನ್ನಿನ ಒನ್ಸಾಲ, ಜರ್ಮನಿಯ ವೆಟ್ಸೆಲ್ ಮುಂತಾದ ಕಡೆಯ ಆಂಟೆನಾಗಳು ಏಕಕಾಲಕ್ಕೆ ಮುಖ ಮಾಡುತ್ತವೆ. ಪ್ರತಿಯೊಂದು ನಿಲ್ದಾಣದಲ್ಲೂ ಹೈಡ್ರೊಜನ್ ಮೇಸರ್ ಎಂಬ ಅತಿ ನಿಖರ ಗಡಿಯಾರ. ಕೇಳಿದ ಗದ್ದಲವನ್ನೆಲ್ಲ ಕಾಲದ ಗುರುತಿನ ಸಮೇತ ದೊಡ್ಡ ಟೇಪ್ ಸುರುಳಿಗಳಿಗೆ ತುಂಬಿ, ಆ ಸುರುಳಿಗಳನ್ನು ಪೆಟ್ಟಿಗೆಯಲ್ಲಿಟ್ಟು ಒಂದೇ ಕಡೆಗೆ ಸಾಗಿಸುತ್ತಿದ್ದರು. ಅಲ್ಲಿ ಎರಡೆರಡು ಸುರುಳಿಗಳನ್ನು ಹೊಂದಿಸಿ ನೋಡಿದರೆ ಒಂದೇ ಅಲೆ ಎರಡು ನಿಲ್ದಾಣಗಳನ್ನು ಎಷ್ಟು ಅಂತರದಲ್ಲಿ ತಲುಪಿತು ಎಂದು ತಿಳಿಯುತ್ತದೆ. ಅಂತರವನ್ನು ಬೆಳಕಿನ ದಾರಿಯಾಗಿ ಬದಲಿಸಿದರೆ ಕೆಲವೇ ಸೆಂಟಿಮೀಟರಿನ ನಿಖರತೆ. ಸಾವಿರಾರು ಕಿಲೋಮೀಟರ್ ಉದ್ದದ ಆ ಗೆರೆ ಕ್ವೇಸಾರ್‌ಗಳ ಎದುರು ಹೇಗೆ ಓರೆಯಾಯಿತೆಂದು ನೋಡಿದರೆ ಭೂಮಿಯ ಅಕ್ಷ ಎಲ್ಲಿದೆ ಎಂಬುದು ಸಿಕ್ಕಿತು.

1980ರಿಂದ ಐದು ವರ್ಷಗಳಲ್ಲಿ ಸೇರಿದ ಇಂಥ ಅಳತೆಗಳನ್ನು ಥಾಮಸ್ ಹೆರಿಂಗ್, ಕಾರ್ಲ್ ಗ್ವಿನ್, ಅರ್ವಿನ್ ಶಪಿರೊ ಕುಳಿತು ಬಿಡಿಸಿದರು. 1986ರಲ್ಲಿ ಜೋಡಿ ಪ್ರಬಂಧಗಳು ಹೊರಬಂದವು; ಒಂದರಲ್ಲಿ ಅಳತೆ, ಇನ್ನೊಂದರಲ್ಲಿ ಅದರ ಅರ್ಥ. ಐದು ವರ್ಷದ ದಾಖಲೆಯಲ್ಲಿ 18.6 ವರ್ಷದ ಓಲಾಟವನ್ನು ಅಯನ ಚಲನೆಯಿಂದ ಬೇರೆ ಮಾಡುವುದು ಕಷ್ಟ, ಅಲ್ಲಿ ಎದ್ದ ವ್ಯತ್ಯಾಸದ ಬಗ್ಗೆ ಗಟ್ಟಿಯಾಗಿ ಹೇಳುವಂತಿರಲಿಲ್ಲ. ವಾರ್ಷಿಕ ಓಲಾಟ ಐದು ಸಲ ಸುತ್ತಿತ್ತು. ಅದನ್ನು ಅಲ್ಲಗಳೆಯುವ ದಾರಿ ಇರಲಿಲ್ಲ.

ಅನುಮಾನಿತರು

ಮೊದಲ ಅನುಮಾನ ಅಳತೆಯ ಮೇಲೆಯೇ ಬರಬೇಕು. ವರ್ಷಕ್ಕೊಮ್ಮೆ ಏರಿಳಿಯುವುದು ಜಗತ್ತಿನಲ್ಲಿ ಬೇಕಾದಷ್ಟಿದೆ: ಬಿಸಿಲು, ಗಾಳಿಯೊಳಗಿನ ತೇವ, ಕಬ್ಬಿಣದ ಆಂಟೆನಾ ಹಿಗ್ಗುವುದು. ಆದರೆ ವಾರ್ಷಿಕ ಓಲಾಟಕ್ಕೆ ಮುಮ್ಮುಖ, ಹಿಮ್ಮುಖ ಎಂಬ ಎರಡು ಮುಖಗಳಿವೆ. ಬಿಸಿಲುಮಳೆಯ ಗದ್ದಲ ಹೆಚ್ಚಾಗಿ ಸೇರಿಕೊಳ್ಳುವುದು ಮುಮ್ಮುಖದಲ್ಲಿ, ಅದು 24 ಗಂಟೆಯ ದಿನದ ಲಯಕ್ಕೆ ಸಂಬಂಧಿಸಿದ್ದು. ತಪ್ಪಿ ನಿಂತದ್ದು ಹಿಮ್ಮುಖದ ಸಾಲು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಕೀಲಿ ಇಲ್ಲಿದೆ. ಅದೇ ಆರು ಸೆಂಟಿಮೀಟರ್ ಬೇರೆ ಯಾವ ಸಾಲಿನಲ್ಲಿ ಕಂಡಿದ್ದರೂ ಹತ್ತು ಕಾರಣಗಳ ನಡುವೆ ಕಳೆದುಹೋಗುತ್ತಿತ್ತು. ಕಂಡದ್ದು ಕೇಂದ್ರಗೋಳದ ಅನುರಣನಕ್ಕೆ ಎಲ್ಲಕ್ಕಿಂತ ಹತ್ತಿರದ, ಅದಕ್ಕೆ ಮಾತ್ರ ಅಷ್ಟು ಜೋರಾಗಿ ಓಗೊಡುವ ಸಾಲಿನಲ್ಲಿ.

ಹಾಗಾದರೆ ಸ್ವತಂತ್ರ ನ್ಯುಟೇಶನ್ನಿನ ಅವಧಿಯೇ ತಪ್ಪಿರಬೇಕು. 460ನ್ನು 430ರ ಆಸುಪಾಸಿಗೆ ಇಳಿಸಿದರೆ ಅದು 365ಕ್ಕೆ ಇನ್ನಷ್ಟು ಹತ್ತಿರವಾಗಿ ಅನುರಣನ ಜೋರಾಗುತ್ತದೆ, 31 ಹೋಗಿ 33 ಬರುತ್ತದೆ. ಅವಧಿಯನ್ನು ಇಳಿಸಿದವರು ಯಾರು? ಮ್ಯಾಂಟಲ್ ನಾವು ಎಣಿಸಿದ್ದಕ್ಕಿಂತ ಮೆದುವೇ? ಅದು ಉಲ್ಟಾ ಹೊಡೆಯುತ್ತದೆ. ಮೆದು ಮ್ಯಾಂಟಲ್ ಅವಧಿಯನ್ನು ಹೆಚ್ಚಿಸುತ್ತದೆ. ಸಮುದ್ರದ ಉಬ್ಬರವಿಳಿತ, ಗೋಡೆಯ ಬಳಿಯ ಉಜ್ಜಾಟ, ಕಾಂತಕ್ಷೇತ್ರ ಇವು ಯಾವುದಕ್ಕೂ ಇಷ್ಟು ದೊಡ್ಡ ಬದಲಾವಣೆ ತರುವ ತಾಕತ್ತಿರಲಿಲ್ಲ. ಉಳಿದದ್ದು ಗೋಡೆಯ ಆಕಾರ. 1986ರ ಎರಡನೇ ಪ್ರಬಂಧದ ಉತ್ತರ: ಕೇಂದ್ರಗೋಳ ಮತ್ತು ಮ್ಯಾಂಟಲ್ ನಡುವಿನ ಗೋಡೆ ಲೆಕ್ಕದ ಆಕಾರಕ್ಕಿಂತ 490 ಮೀಟರ್, ಹೆಚ್ಚುಕಡಿಮೆ 110 ಮೀಟರ್, ಹೆಚ್ಚು ಚಪ್ಪಟೆ. ಚಪ್ಪಟೆತನ ಶೇ 5ರಷ್ಟು ಏರಿತ್ತು.

ಅಷ್ಟು ಉಬ್ಬು ಅಲ್ಲಿ ನಿಂತದ್ದಾದರೂ ಹೇಗೆ? ಮ್ಯಾಂಟಲ್ ಗಟ್ಟಿಯಾದರೂ ಕೋಟ್ಯಂತರ ವರ್ಷಗಳ ಲೆಕ್ಕದಲ್ಲಿ ಅದು ಹರಿಯುತ್ತದೆ. ತಣ್ಣನೆಯ ಭಾರದ ಕಲ್ಲು ಕೆಳಗಿಳಿಯುವ ಕಡೆ ಗೋಡೆ ಒಳಕ್ಕೆ ತಗ್ಗುತ್ತದೆ, ಬಿಸಿ ಕಲ್ಲು ಮೇಲೇಳುವ ಕಡೆ ಗೋಡೆ ಹೊರಕ್ಕೆ ಉಬ್ಬುತ್ತದೆ. ಭೂಕಂಪನ ಅಲೆಗಳಿಂದ ಬಿಡಿಸಿದ ಮ್ಯಾಂಟಲಿನ ಚಿತ್ರವನ್ನು ಹಿಡಿದು 1990ರ ದಶಕದಲ್ಲಿ ಈ ಒತ್ತಡದ ಲೆಕ್ಕ ಹಾಕಿದಾಗ ಇದೇ ದಿಕ್ಕಿನ, ಇದೇ ಗಾತ್ರದ ಉಬ್ಬು ಬಂತು.

ಎರಡನೇ ಸಾಕ್ಷಿ

ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡಲಾಗದು. ಎರಡನೇ ಸಾಕ್ಷಿ ಆಕಾಶದ ಕಡೆ ನೋಡುವುದೇ ಇಲ್ಲ. ನೆಲದ ಮೇಲೆ ಕುಳಿತವರಿಗೆ ಕೇಂದ್ರಗೋಳದ ಸ್ವತಂತ್ರ ನ್ಯುಟೇಶನ್ 23 ಗಂಟೆ 53 ನಿಮಿಷದ ಒಂದು ತುಯ್ದಾಟವಾಗಿ ಕಾಣಬೇಕು, ಭೂಮಿಯ ಜೊತೆ ನಾವೂ ತಿರುಗುತ್ತಿರುವುದರಿಂದ. ಗಟ್ಟಿ ನೆಲಕ್ಕೂ ಸಮುದ್ರದಂತೆ ಉಬ್ಬರವಿಳಿತ ಇದೆ. ಆ ಅವಧಿಗೆ ಹತ್ತಿರದ ಉಬ್ಬರಗಳ ಗಾತ್ರ ಸ್ವಲ್ಪ ಬದಲಾಗಿರಬೇಕು. ಇದನ್ನು ಹಿಡಿಯಲು ಸೂಪರ್‌ಕಂಡಕ್ಟಿಂಗ್ ಗ್ರಾವಿಮೀಟರ್ ಬೇಕು: ದ್ರವ ಹೀಲಿಯಂನ ಚಳಿಯಲ್ಲಿ, ಕಾಂತಕ್ಷೇತ್ರದ ಮೇಲೆ ತೇಲುವ ನಯೋಬಿಯಂ ಲೋಹದ ಪುಟ್ಟ ಗುಂಡು. ಗುರುತ್ವ ಕಿಂಚಿತ್ತು ಬದಲಾದರೂ ಗುಂಡು ಏರಿ ಇಳಿಯುತ್ತದೆ. ಯುರೋಪಿನ ಇಂಥ ಉಪಕರಣಗಳ ದಾಖಲೆಗಳನ್ನು ಒಟ್ಟುಗೂಡಿಸಿ 1987ರಲ್ಲಿ ನ್ಯೂಬರ್ಗ್, ಹಿಂಡರರ್, ತ್ಸುರ್ನ್ ತೆಗೆದ ಅವಧಿಯೂ 430ರ ಆಸುಪಾಸೇ. ಒಂದು ಕಡೆ ಕ್ವೇಸಾರ್, ಇನ್ನೊಂದು ಕಡೆ ನೆಲಮಾಳಿಗೆಯ ಗುಂಡು. ಎರಡರ ಉತ್ತರವೂ ಒಂದೇ ಆದ ಮೇಲೆ ವಾದ ಹೆಚ್ಚು ದಿನ ಉಳಿಯಲಿಲ್ಲ.

ಒಂದು ಮಿತಿ ಹೇಳಲೇಬೇಕು. ನ್ಯುಟೇಶನ್ ಅಳೆಯುವುದು ಗೋಡೆಯ ಒಟ್ಟಾರೆ ಚಪ್ಪಟೆತನವನ್ನು ಮಾತ್ರ. ಅದೇ ಹೊತ್ತಿಗೆ ಭೂಕಂಪನ ಅಲೆಗಳಿಂದ ಗೋಡೆಯ ಮೇಲೆ ಕಿಲೋಮೀಟರುಗಟ್ಟಲೆ ಎತ್ತರದ ಏರಿಳಿತ ಕಂಡಿದೆ ಎಂಬ ವರದಿಗಳೂ ಬಂದಿದ್ದವು. ಸ್ಥಳೀಯ ಗುಡ್ಡಕಣಿವೆಗಳ ಬಗ್ಗೆ ನ್ಯುಟೇಶನ್ ಬಾಯಿ ಬಿಡುವುದಿಲ್ಲ.

2002ರಲ್ಲಿ ಮ್ಯಾಥ್ಯೂಸ್, ಹೆರಿಂಗ್, ಬಫೆಟ್ ಎರಡು ದಶಕದ ಅಳತೆಗಳನ್ನಿಟ್ಟು ಹೊಸ ಸಿದ್ಧಾಂತ ಪ್ರಕಟಿಸಿದರು. 1980ರ ಕೋಷ್ಟಕ ಹೋಗಿ ಇಂದಿನ ಮಾದರಿ ಬಂತು, ಅವಧಿ 430.2 ದಿನ ಎಂದು ನಿಂತಿತು, ಹೆಚ್ಚುವರಿ ಉಬ್ಬು 400 ಮೀಟರಿನ ಆಸುಪಾಸಿಗೆ ಇಳಿಯಿತು. ಅಷ್ಟರಲ್ಲಿ ಇನ್ನೊಂದು ಎಳೆಯೂ ಸಿಕ್ಕಿತ್ತು. ವಾರ್ಷಿಕ ಓಲಾಟ ಬರಬೇಕಾದ ಹೊತ್ತಿಗಿಂತ ಒಂದಿಷ್ಟು ತಡವಾಗಿ ಬರುತ್ತದೆ, ಅಂದರೆ ಎಲ್ಲೋ ಶಕ್ತಿ ಸೋರುತ್ತಿದೆ. ಕೇಂದ್ರಗೋಳದಿಂದ ಹೊರಡುವ ಕಾಂತಕ್ಷೇತ್ರದ ಗೆರೆಗಳು ಮ್ಯಾಂಟಲಿನ ತಳದಲ್ಲಿ ವಿದ್ಯುತ್ ಹರಿಯಬಲ್ಲ ತೆಳು ಪದರಕ್ಕೆ ಸಿಕ್ಕಿ ಎಳೆಯುತ್ತವೆ ಎಂಬುದು ಬ್ರೂಸ್ ಬಫೆಟ್ 1992ರಲ್ಲಿ ಕೊಟ್ಟ ವಿವರಣೆ. ದ್ರವದ ಜಿಗುಟುತನವೇ ಸಾಕು ಎನ್ನುವವರೂ ಇದ್ದಾರೆ. ಆ ವಾದ ಮುಗಿದಿಲ್ಲ.

ಮಂಗಳದಲ್ಲಿ ಮತ್ತು ಬ್ಯಾಲಾಳಿನಲ್ಲಿ

ಇದೇ ಉಪಾಯ ಈಗ ಬೇರೆ ಗ್ರಹಕ್ಕೂ ಹೋಗಿದೆ. 2018ರ ನವೆಂಬರಿನಲ್ಲಿ ಮಂಗಳದ ಮೇಲೆ ಇಳಿದ ಇನ್‌ಸೈಟ್ ನೌಕೆಯ ರೇಡಿಯೊ ಸಂಕೇತಗಳನ್ನು ಭೂಮಿಯಿಂದ ಹಿಂಬಾಲಿಸಿ, 2023ರಲ್ಲಿ ಪ್ರಕಟವಾದ ಅಧ್ಯಯನ ಮಂಗಳದ ಅಕ್ಷದ ಓಲಾಟದಲ್ಲಿ ದ್ರವಗರ್ಭದ ಗುರುತು ಹಿಡಿಯಿತು. ಅಲ್ಲಿನ ಸ್ವತಂತ್ರ ನ್ಯುಟೇಶನ್ ಅವಧಿ ಸುಮಾರು 243 ದಿನ, ಕೇಂದ್ರಗೋಳದ ತ್ರಿಜ್ಯ ಸುಮಾರು 1,830 ಕಿಲೋಮೀಟರ್. ಅಲ್ಲೂ ಗೋಡೆಯ ಆಕಾರ ಬರೀ ತಿರುಗುವಿಕೆಯಿಂದ ಬಂದದ್ದಲ್ಲ ಎಂದೇ ಲೆಕ್ಕ ಹೇಳಿತು.

ನೌಕೆ ಓಡಿಸುವವರಿಗೆ ಈ ಲೆಕ್ಕದ ಬಿಸಿ ನೇರವಾಗಿ ತಟ್ಟುತ್ತದೆ. ಬೆಂಗಳೂರಿನ ಹೊರಗಿನ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ಆಂಟೆನಾ ಮಂಗಳಯಾನವನ್ನು ಹಿಂಬಾಲಿಸಿತ್ತು. ಆಂಟೆನಾ ನಿಂತಿರುವುದು ಓಲಾಡುವ ನೆಲದ ಮೇಲೆ. 20 ಕೋಟಿ ಕಿಲೋಮೀಟರ್ ದೂರದಲ್ಲಿ ಒಂದು ಮಿಲಿ ಆರ್ಕ್ ಸೆಕೆಂಡ್ ತಪ್ಪಿದರೆ ನೌಕೆ ಒಂದು ಕಿಲೋಮೀಟರ್ ಪಕ್ಕಕ್ಕೆ ಕಾಣುತ್ತದೆ. 1980ರ ಕೋಷ್ಟಕದ ಆ ಒಂದು ಸಾಲಿನ ತಪ್ಪು ಅಲ್ಲಿ ಎರಡು ಕಿಲೋಮೀಟರ್ ಆಗುತ್ತದೆ.

ಈಗಿನ ಮಾದರಿಯಲ್ಲೂ ಸೇರದೆ ಉಳಿದಿರುವುದು ಒಂದಿದೆ: ಯಾರ ಎಳೆತಕ್ಕೂ ಕಾಯದೆ ಕೇಂದ್ರಗೋಳ ತಾನೇ ತಾನಾಗಿ ಓಲುವ ಪಾಲು. ಅದರ ಗಾತ್ರ ಹೆಚ್ಚೂಕಡಿಮೆ 0.1ರಿಂದ 0.3 ಮಿಲಿ ಆರ್ಕ್ ಸೆಕೆಂಡ್. ಒಂದು ದಶಕ ಏರುತ್ತದೆ, ಇನ್ನೊಂದು ದಶಕ ಇಳಿಯುತ್ತದೆ, ಸುತ್ತಿನ ಯಾವ ಹಂತದಲ್ಲಿದೆ ಎಂಬುದೂ ಜಾರುತ್ತಿರುತ್ತದೆ. ಗಾಳಿ ಮತ್ತು ಸಮುದ್ರದ ದೈನಂದಿನ ಒತ್ತಡ ಅದನ್ನು ಕೆಣಕುತ್ತಿದೆ ಎಂಬುದು ಹೆಚ್ಚಿನವರ ಅನುಮಾನ, ಆದರೆ ಮುಂದಿನ ವರ್ಷ ಎಷ್ಟಿರುತ್ತದೆ ಎಂದು ಸೂತ್ರದಿಂದ ಹೇಳಲು ಬರುವುದಿಲ್ಲ. ಅಳೆದೇ ತಿಳಿಯಬೇಕು. ಅದಕ್ಕೆಂದೇ 2002ರಿಂದ ಪ್ರತಿ ಸೋಮವಾರ ಒಂದು, ಗುರುವಾರ ಒಂದು, ಇಡೀ 24 ಗಂಟೆಯ ವಿಎಲ್‌ಬಿಐ ಅಳತೆಗಳು ನಡೆಯುತ್ತಿವೆ.